ಮನೆಯಿಂದ ದನದ ಕೊಟ್ಟಿಗೆಗೆ ಕರೆಂಟ್: 45 ಮೀಟರ್‌ಗೆ ಯಾವ ಕೇಬಲ್? ಅರ್ಥಿಂಗ್ ಹೇಗೆ?

ಚಿಂತಾಮಣಿ ಹೈನು:
ಚಿಂತಾಮಣಿ ಪಕ್ಕದ ಹಳ್ಳಿ. ಮನೆಯ ಮೀಟರ್ ಬೋರ್ಡಿನಿಂದ ಹೊಸ ಕೊಟ್ಟಿಗೆಗೆ 45 ಮೀಟರ್. ಅಲ್ಲಿ 2 ಎಚ್‌ಪಿ ಸಿಂಗಲ್ ಫೇಸ್ ಚಾಫ್ ಕಟರ್ (ಮೇವು ಕತ್ತರಿಸೋ ಮಿಷನ್), 1 ಎಚ್‌ಪಿ ಹಾಲು ಕರೆಯೋ ಮಿಷನ್, ನಾಲ್ಕು ಎಲ್‌ಇಡಿ, ಎರಡು ಫ್ಯಾನ್. ಕಂಬ, ಗೋದಲಿ ಪೈಪು ಎಲ್ಲ ಕಬ್ಬಿಣ. ಅಂಗಡಿಯವರು 2.5 ಸ್ಕ್ವೇರ್ (ಚದರ ಎಂಎಂ) ವೈರ್ ಸಾಕು, ಮೇಲಿಂದ ಎಳೆದುಬಿಡಿ ಅಂತಾರೆ. ಸಾಕಾ? ಮನೆಯ ಅರ್ಥಿಂಗೇ ನಡೆಯುತ್ತಾ, ಅಲ್ಲೂ ಗುಂಡಿ ತೆಗೀಬೇಕಾ?

ಫೇಸ್‌ನ್ಯೂಟ್ರಲ್:
2.5 ಬೇಡ ಅಣ್ಣ. ವೈರ್ ಸುಡುತ್ತೆ ಅಂತಲ್ಲ, ವೋಲ್ಟೇಜ್ ಉಳಿಯಲ್ಲ. ಹೋಗಿ ಬರೋ ದಾರಿ ಸೇರಿ 90 ಮೀಟರ್, 2.5 ತಾಮ್ರಕ್ಕೆ ಸುಮಾರು 0.67 ಓಂ. ಎರಡೂ ಮೋಟರ್ ಓಡುವಾಗ 18 ಆಂಪ್ಸ್ ಅಂದ್ಕೊಂಡ್ರೆ 12 ವೋಲ್ಟ್ ಹೋಯ್ತು. ಅದನ್ನ ತಡ್ಕೋಬಹುದು. ಚಾಫ್ ಕಟರ್ ಸ್ಟಾರ್ಟ್ ಆಗೋ ಕ್ಷಣ 60 ಆಂಪ್ಸ್ ಎಳೆದರೆ 40 ವೋಲ್ಟ್ ದಾರಿಯಲ್ಲೇ ಖರ್ಚು. ಸಂಜೆ ಹೊತ್ತು ಲೈನಲ್ಲಿ 200 ಇದ್ದರೆ ಮೋಟರಿಗೆ ಸಿಗೋದು 160. ಗುಂಯ್ ಅಂತ ನಿಂತು ವೈಂಡಿಂಗ್ ಸುಟ್ಟುಕೊಳ್ಳುತ್ತೆ.

6 ಸ್ಕ್ವೇರ್ ತಾಮ್ರ ಹಾಕಿದರೆ ಆ 40 ಬದಲು 17 ವೋಲ್ಟ್. 3 ಕೋರ್ ಆರ್ಮರ್ಡ್ ತಗೊಳ್ಳಿ, ಅಂದ್ರೆ ಒಳಗೆ ಮೂರು ತಂತಿ, ಹೊರಗೆ ಉಕ್ಕಿನ ಹೊದಿಕೆ ಇರೋ ಕೇಬಲ್; ಮೂರನೇ ಕೋರ್ ಅರ್ಥಿಗೆ. ಬೆಲೆ ಜಾಸ್ತಿ ಅನಿಸಿದರೆ 10 ಸ್ಕ್ವೇರ್ ಅಲ್ಯೂಮಿನಿಯಂ, ರೆಸಿಸ್ಟೆನ್ಸ್ ಎರಡಕ್ಕೂ ಒಂದೇ. ಆದರೆ ಅಲ್ಯೂಮಿನಿಯಂ ತುದಿಯನ್ನ ತಾಮ್ರದ ಜೊತೆ ಹೊಸೆದು ಟೇಪ್ ಸುತ್ತಬೇಡಿ, ಬೈಮೆಟಲ್ ಲಗ್ (ಎರಡೂ ಲೋಹಕ್ಕೆ ಹೊಂದೋ ತುದಿ ಕ್ಯಾಪು) ಹಾಕಿ. ಇಲ್ಲಾಂದ್ರೆ ಅದೇ ಜಾಗ ಸಡಿಲ ಆಗಿ ಬಿಸಿಯಾಗುತ್ತೆ.

ಮೇಲಿಂದ ಎಳೆಯೋದು ನನಗೆ ಇಷ್ಟ ಇಲ್ಲ. ಹುಲ್ಲು ತುಂಬಿದ ಟ್ರಾಕ್ಟರ್ ಒಂದು ದಿನ ತಗುಲಿಯೇ ತಗುಲುತ್ತೆ. ಎರಡೂವರೆ ಅಡಿ ಕಾಲುವೆ, ಕೇಬಲ್ ಕೆಳಗೆ ಮೂರು ಇಂಚು ಮರಳು, ಮೇಲೆ ಮೂರು ಇಂಚು, ಅದರ ಮೇಲೆ ಇಟ್ಟಿಗೆ ಸಾಲು, ಆಮೇಲೆ ಮಣ್ಣು. ನಿಮ್ಮ ಕಡೆ ಬಂಡೆ ಸಿಕ್ಕೇ ಸಿಗುತ್ತೆ; ಆಳ ಸಿಗದ ಕಡೆ ಜಿಐ ಪೈಪೊಳಗೆ ತೂರಿಸಿ ಕಾಂಕ್ರೀಟ್ ಹೊದಿಸಿ. ನೆಲದೊಳಗೆ ಜಾಯಿಂಟ್ ಇರಲೇಬಾರದು, ಅದಕ್ಕೆ 55 ಮೀಟರ್ ಒಂದೇ ತುಂಡು ತನ್ನಿ.

ಮಾಲೂರು ಮೋಟರ್ಸ್:
ಕೇಬಲ್ ಸರಿ. ಅರ್ಥಿಂಗಿಗೆ ಗುಂಡಿ ಎಲ್ಲ ಯಾಕೆ? ಕೊಟ್ಟಿಗೆ ಬೋರ್ಡಲ್ಲಿ ನ್ಯೂಟ್ರಲ್‌ಗೂ ಅರ್ಥಿಗೂ ಒಂದು ತುಂಡು ವೈರ್ ಕೊಟ್ಟರೆ ಆಯ್ತು, ಸುಮಾರು ಜನ ಮಾಡ್ತಾರೆ.

ಎಇ ನಿವೃತ್ತ:
ಮಾಡ್ತಾರೆ, ದನ ಸಾಯೋದೂ ಅದಕ್ಕೇ. ಹಾಗೆ ಕೂಡಿಸಿದ ಮೇಲೆ ದಾರಿಯಲ್ಲಿ ನ್ಯೂಟ್ರಲ್ ಕಡಿದರೆ ಮೋಟರಿನ ಕರೆಂಟ್ ಅರ್ಥ್ ದಾರಿ ಹಿಡಿಯುತ್ತೆ. ಆ ಅರ್ಥೂ ಸಡಿಲ ಇದ್ದರೆ ಕಬ್ಬಿಣದ ಕಂಬ, ಗೋದಲಿ ಪೈಪು, ಮೋಟರ್ ಬಾಡಿ ಎಲ್ಲ ಲೈವ್. ಹಸು ನಾಲ್ಕು ಕಾಲಲ್ಲಿ ಗಂಜಲದ ಮೇಲೆ ನಿಂತು ಬಾಯಿ ಗೋದಲಿಗೆ ಇಡುತ್ತೆ. ನಮಗೆ ಗೊತ್ತೇ ಆಗದ ಕೆಲವೇ ವೋಲ್ಟು ಸೋರಿದರೂ ಅದಕ್ಕೆ ಚುರುಕ್ ಅನ್ನುತ್ತೆ. ನೀರು ಕುಡಿಯೋಕೆ ಹಿಂಜರಿಯೋದು, ಕರೆಯುವಾಗ ಒದೆಯೋದು ಶುರುವಾದರೆ ಕೆಚ್ಚಲು ನೋಡೋದರ ಜೊತೆ ಮಲ್ಟಿಮೀಟರನ್ನೂ ತೆಗೀರಿ.

ಕ್ರಮ ಹೀಗೆ. ಮನೆ ಕಡೆ 25 ಆಂಪ್ಸ್ ಸಿ ಕರ್ವ್ (ಮೋಟರ್ ಸ್ಟಾರ್ಟಿನ ಎಳೆತ ತಡ್ಕೊಳ್ಳೋದು) ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯೋದು) ಎಂಸಿಬಿ, ಅಂದ್ರೆ ಕರೆಂಟ್ ಮಿತಿ ಮೀರಿದರೆ ಬೀಳೋ ಸ್ವಿಚ್ಚು. ಕೊಟ್ಟಿಗೆ ಬೋರ್ಡಲ್ಲಿ 40 ಆಂಪ್ಸ್, 30 ಮಿಲಿ ಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳೋ ಸ್ವಿಚ್ಚು), ಅದರ ಮುಂದೆ ಮೋಟರಿಗೊಂದು ಲೈಟಿಗೊಂದು ಎಂಸಿಬಿ. ಎಂಸಿಬಿ ಒಂದೇ ಸಾಲದು ಯಾಕಂದ್ರೆ, ಮನೆಯಿಂದ ಬಂದ ಅರ್ಥ್ ಕಡಿದು ಗುಂಡಿ ಒಂದೇ ಉಳಿದರೆ, ಅದು 10 ಓಂ ಇದ್ದಲ್ಲಿ, ಫೇಸ್ ವೈರ್ ಮೋಟರ್ ಬಾಡಿಗೆ ತಗುಲಿದಾಗ ಹರಿಯೋದು 23 ಆಂಪ್ಸ್. 25ರ ಎಂಸಿಬಿ ಸುಮ್ಮನೆ ಕೂತಿರುತ್ತೆ. ಆರ್‌ಸಿಸಿಬಿ ತಕ್ಷಣ ಬೀಳುತ್ತೆ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ.

ಗುಂಡಿ ಬೇಕೇ ಬೇಕು: 40 ಎಂಎಂ ಜಿಐ ಪೈಪ್ ಎರಡೂವರೆ ಮೀಟರ್, ಸುತ್ತ ಇದ್ದಿಲು, ಉಪ್ಪು, ಬೇಸಿಗೆಯಲ್ಲಿ ನೀರು. ಮೂರನೇ ಕೋರ್, ಕೇಬಲ್ಲಿನ ಆರ್ಮರ್, ಗುಂಡಿ ಮೂರೂ ಅಲ್ಲಿ ಸೇರಲಿ. ಅಲ್ಲಿಂದ 25x3 ಜಿಐ ಪಟ್ಟಿ ಎಳೆದು ಕಂಬ, ಗೋದಲಿ ಪೈಪು, ನೀರಿನ ಪೈಪು ಎಲ್ಲಾ ಒಂದಕ್ಕೊಂದು ಬೆಸುಗೆ. ಎಲ್ಲವೂ ಒಂದೇ ವೋಲ್ಟೇಜಲ್ಲಿ ಇರಬೇಕು, ಅದೇ ಗುಟ್ಟು. ನೆಲ ಇನ್ನೂ ಹಾಕಿಲ್ಲ ಅಂದ್ರೆ ಕಾಂಕ್ರೀಟಿನ ಕಬ್ಬಿಣದ ಜಾಲರಿಯನ್ನೂ ಸೇರಿಸಿ, ಆಮೇಲೆ ಆಗಲ್ಲ.

ಫೇಸ್‌ನ್ಯೂಟ್ರಲ್:
ಬೋರ್ಡನ್ನ ಹಸು ನೆಕ್ಕದ, ಪೈಪ್ ನೀರು ಚಿಮ್ಮದ ಗೋಡೆಗೆ, ಐದಡಿ ಮೇಲೆ ಹಾಕಿ. ಐಪಿ65 (ಧೂಳು, ನೀರು ಒಳಗೆ ಬಿಡದ) ಪ್ಲಾಸ್ಟಿಕ್ ಬಾಕ್ಸ್. ತಗಡಿನದು ಗಂಜಲದ ಅಮೋನಿಯಾಗೆ ಬೇಗ ತುಕ್ಕು ಹಿಡಿಯುತ್ತೆ. ಒಳಗೆ ಎಲ್ಲ ಪಿವಿಸಿ ಪೈಪಲ್ಲೇ ಹೋಗಲಿ, ಇಲಿ ಬಿಡಲ್ಲ.

ಚಿಂತಾಮಣಿ ಹೈನು:
ಪಂಪ್‌ಸೆಟ್ಟಿನ ಮೋಟರ್ ರೂಮು ಹತ್ತಿರಾನೇ ಇದೆ. ಆ ಲೈನಿಂದ ಚಾಫ್ ಕಟರ್ ಓಡಿಸಬಹುದಾ?

ಎಇ ನಿವೃತ್ತ:
ಬೇಡ. ಆ ಕನೆಕ್ಷನ್ ನೀರಾವರಿಗೆ ಮಾತ್ರ ಕೊಟ್ಟಿರೋದು, ಕರೆಂಟೂ ನಿಮಗೆ ಬೇಕಾದ ಹೊತ್ತಿಗೆ ಇರಲ್ಲ. ಮನೆ ಬಿಲ್ಲಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ನೋಡಿ. ಎರಡು ಮೋಟರ್ ಸೇರಿದರೆ 3ರ ಹತ್ತಿರ. ಕಡಿಮೆ ಇದ್ದರೆ ಬೆಸ್ಕಾಂ ಸೆಕ್ಷನ್ ಆಫೀಸಲ್ಲಿ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ. ಕೆಲಸ ಲೈಸೆನ್ಸ್ ಇರೋ ಕಂಟ್ರಾಕ್ಟರ್ ಕೈಲೇ ಆಗಲಿ. ಕಾಲುವೆ ಮುಚ್ಚೋ ಮೊದಲು, ಎರಡೂ ತುದಿ ಬಿಚ್ಚಿಟ್ಟು, 500 ವೋಲ್ಟ್ ಮೆಗ್ಗರಲ್ಲಿ (ಇನ್ಸುಲೇಶನ್ ಅಳೆಯೋ ಮೀಟರ್) ಕೋರ್‌ಗಳ ನಡುವೆ, ಕೋರ್‌ಗೂ ಆರ್ಮರ್‌ಗೂ ನಡುವೆ ಅಳತೆ ಮಾಡಿಸಿ. 1 ಮೆಗಾ ಓಂಗಿಂತ ಕಡಿಮೆ ಬಂದರೆ ಮಣ್ಣು ಎಳೆಯಬೇಡಿ.