ಅಪ್‌ಡೇಟ್: ಗ್ರಬ್ ಮೆನುವಿನಲ್ಲಿ ವಿಂಡೋಸ್ ಮರಳಿ ಬಂತು

ವಿಂಡೋಸ್ ಜೊತೆ ಅದೇ ಕಂಪ್ಯೂಟರಿನಲ್ಲಿರುವ ಉಬುಂಟು (ಲಿನಕ್ಸ್ ಸಿಸ್ಟಂ) 20.04ರಿಂದ 22.04ಕ್ಕೆ ಏರಿಸಿದ ಮೇಲೆ ಗ್ರಬ್ ಮೆನುವಿನಿಂದ (ಆನ್ ಮಾಡಿದಾಗ ಯಾವ ಸಿಸ್ಟಂ ತೆರೆಯಬೇಕೆಂದು ಕೇಳುವ ಪಟ್ಟಿ) ವಿಂಡೋಸ್ ಕಾಣೆಯಾಗಿದೆ, ಅಕ್ಕನ ಜಿಎಸ್‌ಟಿ ಲೆಕ್ಕವೆಲ್ಲ ಅದರಲ್ಲೇ ಇದೆ ಎಂದು ಕೇಳಿದ್ದೆ. ಈಗ ಸರಿಹೋಯಿತು. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಮೊದಲು ನೀವು ಹೇಳಿದಂತೆ, ಆನ್ ಮಾಡುವಾಗ ಎಫ್12 ಒತ್ತಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿದೆ. ನೇರವಾಗಿ ವಿಂಡೋಸ್ ತೆರೆದುಕೊಂಡಿತು! ಅಂದರೆ ಡಿಸ್ಕ್, ಫೈಲುಗಳು ಎಲ್ಲ ಸುರಕ್ಷಿತ. ಗ್ರಬ್‌ಗೆ ಅದು ಕಾಣುತ್ತಿಲ್ಲ, ಅಷ್ಟೆ. ಫಾರ್ಮ್ಯಾಟ್ ಮಾಡಿಸಿ ಎಂದವರ ಮಾತು ಕೇಳದಿದ್ದದ್ದು ಎಷ್ಟು ಒಳ್ಳೆಯದಾಯಿತು.

ಕಾರಣ ಇಷ್ಟು: 2021ರಲ್ಲಿ ಬಂದ ಗ್ರಬ್ 2.06ರಿಂದ, ಬೇರೆ ಸಿಸ್ಟಂಗಳನ್ನು ಹುಡುಕುವ ಓಎಸ್-ಪ್ರೋಬರ್ ಭದ್ರತೆಯ ದೃಷ್ಟಿಯಿಂದ ತಾನಾಗಿ ಓಡುವುದಿಲ್ಲ. ಟರ್ಮಿನಲ್‌ನಲ್ಲಿ ‘ಸುಡೊ ಅಪ್‌ಡೇಟ್-ಗ್ರಬ್’ ಕೊಟ್ಟಾಗ, ಓಎಸ್-ಪ್ರೋಬರನ್ನು ಓಡಿಸುವುದಿಲ್ಲ ಎಂಬ ಎಚ್ಚರಿಕೆಯ ಸಾಲು ಬರುತ್ತಿತ್ತು. ಇಟಿಸಿ ಫೋಲ್ಡರಿನ ಡಿಫಾಲ್ಟ್ ಒಳಗಿರುವ ‘ಗ್ರಬ್’ ಫೈಲಿನ ಕೊನೆಗೆ ‘ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್’ ಸೇರಿಸಿ (ಇಂಗ್ಲಿಷಿನಲ್ಲೇ ಟೈಪ್ ಮಾಡಿ; ‘ಫಾಲ್ಸ್’ ಮಾತ್ರ ಸಣ್ಣ ಅಕ್ಷರ, ಉಳಿದದ್ದು ದೊಡ್ಡದು, ನಡುವೆ ಜಾಗ ಬಿಡಬಾರದು), ಮತ್ತೆ ಅದೇ ಕಮಾಂಡ್ ಕೊಟ್ಟೆ. ವಿಂಡೋಸ್ ಬೂಟ್ ಮ್ಯಾನೇಜರ್ ಸಿಕ್ಕಿತೆಂಬ ಸಾಲು ಮೂಡಿತು. ರೀಸ್ಟಾರ್ಟ್ ಮಾಡಿದರೆ ಮೆನುವಿನಲ್ಲಿ ಎರಡೂ ಇದ್ದವು.

ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಬಳಸುವವರು ಇದಕ್ಕೆ ಕೈ ಹಾಕುವ ಮುಂಚೆಯೇ ಆ ಬೀಗ ತೆರೆಯುವ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಗ್ರಬ್ ಮೂಲಕ ವಿಂಡೋಸ್ ತೆರೆದಾಗ ಅದು ಕೀ ಕೇಳಬಹುದು.