11 ನಿಮಿಷದ ಸ್ಕ್ರಿಪ್ಟನ್ನು 32 ಪುಟದ ಚಿತ್ರಪುಸ್ತಕ ಮಾಡೋದು ಹೇಗೆ? (ಮೋ ವಿಲೆಮ್ಸ್ ಬಂದ ದಾರಿ)

ಕೊಡೆಮೇಕೆ:
ಅಮೆರಿಕದ ಲೇಖಕ-ಚಿತ್ರಕಾರ ಮೋ ವಿಲೆಮ್ಸ್ ಟಿವಿಯಿಂದ ಮಕ್ಕಳ ಪುಸ್ತಕಕ್ಕೆ ಬಂದವರು ಅಂತ ಎಲ್ಲ ಕಡೆ ಓದ್ತೀವಿ. ಆದರೆ ಟಿವಿಯಲ್ಲಿ ಕಲಿತ ಯಾವ ಕಸುಬು ಪುಸ್ತಕದಲ್ಲಿ ನಿಜವಾಗಿ ಕೆಲಸಕ್ಕೆ ಬಂತು ಅಂತ ಯಾರೂ ಬಿಡಿಸಿ ಹೇಳಿಲ್ಲ. ನನ್ನ ಕೈಯಲ್ಲಿರೋದು 11 ನಿಮಿಷದ ಕಾರ್ಟೂನಿಗೆ ಬರೆದ ಸ್ಕ್ರಿಪ್ಟ್: ಸಂತೆಯಲ್ಲಿ ಹುಡುಗಿ ಅಜ್ಜನ ಕೊಡೆ ಕಳೆದುಕೊಳ್ತಾಳೆ, ಒಂದು ಮೇಕೆ ಅದನ್ನು ಎಳಕೊಂಡು ಊರೆಲ್ಲ ಸುತ್ತುತ್ತೆ. ಪುಸ್ತಕಕ್ಕೆ ಅಂತ ತಿರುಗಿಸಿ ಬರೆದಾಗ 900 ಪದ ಆಯ್ತು. ಓದಿದರೆ ನಾಟಕ ಓದಿದ ಹಾಗಿದೆ, ಚಿತ್ರಪುಸ್ತಕ ಅನ್ನಿಸಲ್ಲ. ಎಲ್ಲಿ ಕತ್ತರಿ ಹಾಕಬೇಕು? ಆರು ವರ್ಷದ ಮಕ್ಕಳು ತಾವೇ ಓದಬೇಕು ಅಂದ್ರೆ ಕನ್ನಡದಲ್ಲಿ ಪದ ಮಿತಿ ಎಷ್ಟಿರಬೇಕು?

ಹಳೇ ಸ್ಲೇಟು:
ವಿಲೆಮ್ಸ್ 1990ರ ದಶಕದಲ್ಲಿ ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್'ಗೆ ಬರೆದರು, ಅದಕ್ಕೆ ಕಿರು ಅನಿಮೇಶನ್ನುಗಳನ್ನೂ ಮಾಡಿದರು. ಆ ಕೆಲಸಕ್ಕೆ ಆರು ಎಮ್ಮಿ (ಅಮೆರಿಕದ ಟಿವಿ) ಪ್ರಶಸ್ತಿ ಬಂತು. ಆ ಕಾರ್ಯಕ್ರಮ ಸಣ್ಣಸಣ್ಣ ತುಣುಕುಗಳನ್ನು ಪೋಣಿಸಿದ್ದು. ಮಗು ಇದರಿಂದ ಏನು ಕಲಿಯಬೇಕು ಅನ್ನೋದನ್ನು ಶಿಕ್ಷಣ ತಜ್ಞರ ಜತೆ ಕೂತು ಮೊದಲೇ ಗೊತ್ತುಮಾಡಿಕೊಂಡು ಬರೀತಾರೆ. ಅಂದರೆ ಒಂದು ತುಣುಕಿಗೆ ಒಂದೇ ವಿಷಯ, ಒಂದೆರಡು ನಿಮಿಷ, ಮುಗೀತು. ಅವರ ಚಿತ್ರಪುಸ್ತಕಗಳಲ್ಲಿ ಉಪಕಥೆ ಅನ್ನೋದೇ ಕಾಣದಿರೋದು ಈ ಅಭ್ಯಾಸದಿಂದ ಅಂತ ನನ್ನ ಲೆಕ್ಕ.

ಆಮೇಲೆ ಕಾರ್ಟೂನ್ ನೆಟ್‌ವರ್ಕಿನಲ್ಲಿ ಅವರದೇ 'ಶೀಪ್ ಇನ್ ದ ಬಿಗ್ ಸಿಟಿ' (2000ರಿಂದ 2002). ನಂತರ 'ಕೋಡ್‌ನೇಮ್: ಕಿಡ್ಸ್ ನೆಕ್ಸ್ಟ್ ಡೋರ್'ಗೆ ಮುಖ್ಯ ಬರಹಗಾರ. ಬಸ್ ಓಡಿಸೋಕೆ ಹಟ ಹಿಡಿಯುವ ಪಾರಿವಾಳದ ಪುಸ್ತಕ ('ಡೋಂಟ್ ಲೆಟ್ ದ ಪಿಜನ್ ಡ್ರೈವ್ ದ ಬಸ್!') 2003ರಲ್ಲಿ ಬಂತು, ಚಿತ್ರಪುಸ್ತಕಗಳಿಗೆ ಕೊಡುವ ಕಾಲ್ಡೆಕಾಟ್ ಆನರ್ ಪಡೆಯಿತು. 'ನಫಲ್ ಬನ್ನಿ' (2004) ಮತ್ತು ಅದರ ಎರಡನೇ ಭಾಗಕ್ಕೂ (2007) ಅದೇ ಗೌರವ ಸಿಕ್ಕಿತು. 'ಎಲಿಫೆಂಟ್ ಅಂಡ್ ಪಿಗ್ಗಿ' ಸರಣಿಯಲ್ಲಿ 2007ರಿಂದ 2016ರವರೆಗೆ 25 ಪುಸ್ತಕ. ಹೊಸದಾಗಿ ಓದು ಕಲಿಯುವವರ ಪುಸ್ತಕಗಳಿಗೆ ಕೊಡುವ ಗೈಸೆಲ್ ಪದಕ ಆ ಸರಣಿಗೆ 2008 ಮತ್ತು 2009ರಲ್ಲಿ ಸಾಲಾಗಿ ಬಂತು.

ನಿಮ್ಮ ಪ್ರಶ್ನೆಗೆ ಉತ್ತರ ಎರಡು ಕಡೆ ಇದೆ. ಪಾರಿವಾಳದ ಪುಸ್ತಕದಲ್ಲಿ ಮೊದಲು ಬಸ್ ಡ್ರೈವರ್ ಬಂದು ಓದುಗನಿಗೇ ಜವಾಬ್ದಾರಿ ವಹಿಸಿ ಹೋಗುತ್ತಾನೆ. ಆಮೇಲೆ ಪಾರಿವಾಳ ಓದುಗನನ್ನೇ ಗೋಗರೆಯುತ್ತೆ. ಇದು ಟಿವಿಯಲ್ಲಿ ಪಾತ್ರ ಕ್ಯಾಮೆರಾ ಕಡೆ ತಿರುಗಿ ಮಾತಾಡುವ ತಂತ್ರ. ವ್ಯತ್ಯಾಸ ಏನಂದ್ರೆ, ಟಿವಿಯಲ್ಲಿ ಮಗು 'ಆಗಲ್ಲ' ಅಂತ ಕೂಗಲಿ ಬಿಡಲಿ ಕಾರ್ಯಕ್ರಮ ಮುಂದೆ ಹೋಗುತ್ತೆ. ಪುಸ್ತಕದಲ್ಲಿ ಮಗು ಕೂಗುವ ತನಕ ಪುಟ ತಿರುಗಲ್ಲ. ಹಾಗಾಗಿ ಅಲ್ಲಿ 'ಆಗಲ್ಲ' ಅನ್ನೋ ಮಾತನ್ನು ಅವರು ಅಚ್ಚು ಹಾಕಿಯೇ ಇಲ್ಲ, ಜಾಗ ಮಾತ್ರ ಬಿಟ್ಟಿದ್ದಾರೆ.

ಇನ್ನೊಂದು, ಆನೆ-ಹಂದಿ ಸರಣಿ. ಅಲ್ಲಿ ನಿರೂಪಣೆ ಇಲ್ಲ, ಇರೋದೆಲ್ಲ ಮಾತಿನ ಗುಳ್ಳೆ. ಆನೆಯ ಗುಳ್ಳೆ ಬೂದು, ಹಂದಿಮರಿಯದು ಗುಲಾಬಿ. ಸ್ಕ್ರಿಪ್ಟಿನಲ್ಲಿ ಮಾತಿನ ಮೇಲೆ ಪಾತ್ರದ ಹೆಸರು ಬರೀತೀವಲ್ಲ, ಆ ಕೆಲಸವನ್ನು ಬಣ್ಣ ಮಾಡುತ್ತೆ. 'ಅಂತ ಆನೆ ಹೇಳಿತು' ಅನ್ನೋದು ಪೂರ್ತಿ ಉಳಿತಾಯ. ನಿಮ್ಮ 900ರಲ್ಲಿ 'ಎಂದಳು', 'ಎಂದಿತು' ಎಷ್ಟಿವೆ ಎಣಿಸಿ ನೋಡಿ.

ಅಚ್ಚುಮೊಳೆ:
ಪದ ಆಮೇಲೆ ಎಣಿಸಿ, ಮೊದಲು ಡಮ್ಮಿ (ಖಾಲಿ ಮಾದರಿ ಪುಸ್ತಕ) ಮಾಡಿ. ಎಂಟು ಎ4 ಹಾಳೆ ತಗೊಂಡು ಒಂದರೊಳಗೊಂದು ಇಟ್ಟು ನಡುವೆ ಮಡಚಿ, 32 ಪುಟ ಆಯ್ತು. ಮುದ್ರಣದಲ್ಲಿ 16 ಪುಟಕ್ಕೆ ಒಂದು ಫಾರಂ (ಅಚ್ಚಾಗಿ ಮಡಚುವ ದೊಡ್ಡ ಹಾಳೆ), ಎರಡು ಫಾರಮ್ಮಿಗೆ 32. ಈ ಸಂಖ್ಯೆ ಕಾಗದದ ಲೆಕ್ಕದಿಂದ ಬಂದದ್ದು ರೀ, ಕಥೆಯಿಂದಲ್ಲ. 35 ಪುಟ ಬೇಕು ಅಂತ ಹಟ ಮಾಡಿ ಉಪಯೋಗ ಇಲ್ಲ.

ಪುಟ ಸಂಖ್ಯೆ ಹಾಕಿ. 1 ಶೀರ್ಷಿಕೆ, 2 ಪ್ರಕಾಶನದ ವಿವರ, 3ರಲ್ಲಿ ಅರ್ಪಣೆ ಅಥವಾ ಕಥೆಗೆ ಮೊದಲಿನ ಒಂದು ಚಿತ್ರ. 4–5ರಿಂದ 30–31ರ ತನಕ 14 ಜೋಡಿಪುಟ. 32 ಒಂಟಿ ಪುಟ, ಕೊನೆಯ ಚಟಾಕಿಗೆ. ಸಮಸಂಖ್ಯೆ ಎಡಕ್ಕೆ, ಬೆಸ ಬಲಕ್ಕೆ. ಪುಟ ತಿರುಗೋದು ಬೆಸಸಂಖ್ಯೆ ಆದಮೇಲೆ. ಹಾಗಾಗಿ ಪ್ರಶ್ನೆ, ಸಂಶಯ, ಅರ್ಧ ಕಾಣುವ ಬಾಲ ಇಂಥವೆಲ್ಲ ಬಲಪುಟದ ಕೆಳಮೂಲೆಗೆ ಹೋಗಬೇಕು, ಉತ್ತರ ಮುಂದಿನ ಎಡಪುಟಕ್ಕೆ. ಪ್ರಶ್ನೆ ಎಡಕ್ಕೆ, ಉತ್ತರ ಬಲಕ್ಕೆ ಬಂದರೆ ಎರಡೂ ಒಟ್ಟಿಗೇ ಕಣ್ಣಿಗೆ ಬಿದ್ದು ಮಜಾ ಹೋಯ್ತು.

ಈಗ ಸ್ಕ್ರಿಪ್ಟಿಗೆ ಮೂರು ಬಣ್ಣದ ಪೆನ್ನು. ಚಿತ್ರದಲ್ಲಿ ಕಾಣೋದಕ್ಕೆ ಕೆಂಪು ಗೆರೆ, ಪಾತ್ರದ ಮಾತಿಗೆ ನೀಲಿ, ಚಿತ್ರದಲ್ಲೂ ಮಾತಲ್ಲೂ ತೋರಿಸಲಾಗದ್ದಕ್ಕೆ (ಹೊತ್ತು ಕಳೆದದ್ದು, ಮನಸ್ಸಿನ ಭಯ, ಹಿಂದಿನ ವಾರದ ಸಂಗತಿ) ಕಪ್ಪು. ಕೆಂಪೆಲ್ಲ ತೆಗೆದುಬಿಡಿ. 'ಮೇಕೆ ಕೆಂಪು ಕೊಡೆಯನ್ನು ಬಾಯಲ್ಲಿ ಕಚ್ಚಿಕೊಂಡು ಬಳೆ ಅಂಗಡಿ ಮುಂದೆ ನಿಂತಿತ್ತು' ಅಂತ ಬರೆದು, ಅದನ್ನೇ ಚಿತ್ರ ಬಿಡಿಸಿದರೆ ಒಂದು ದಂಡ. ನೀಲಿಯಲ್ಲಿ ಅರ್ಧ ಹೋಗಲಿ, ಕಪ್ಪು ಇರಲಿ. ಜೋಡಿಪುಟಕ್ಕೆ 25–30 ಪದ ಅಂದರೆ ಒಟ್ಟು 350ರಿಂದ 420. ಚಿತ್ರಕಾರರಿಗೆ ಸೂಚನೆ ಬರೆಯೋದು ಮಾತು ಒಂದು ಹೇಳಿ ಚಿತ್ರ ಬೇರೆ ತೋರಿಸಬೇಕಾದ ಕಡೆ ಮಾತ್ರ. ಉಳಿದದ್ದು ಅವರ ಹೊಲ, ನೀವು ಇಳೀಬೇಡಿ.

ಸ್ಕ್ರಿಪ್ಟಿನಿಂದ ಬಂದವರು ಎಡವೋದು ಮಾತಿನ ದೃಶ್ಯದಲ್ಲಿ. ಇಬ್ಬರು ನಿಂತು ಮೂರು ಜೋಡಿಪುಟ ಮಾತಾಡಿದರೆ ಅನಿಮೇಶನ್ನಿನಲ್ಲಿ ದನಿ, ಕೈಕಾಲು ಸೇರಿ ಸಾಗಿಸುತ್ತವೆ. ಕಾಗದದ ಮೇಲೆ ಅದೇ ಚಿತ್ರ ಮೂರು ಸಲ ಬಂದ ಹಾಗಾಗುತ್ತೆ. ಪ್ರತಿ ಜೋಡಿಪುಟಕ್ಕೂ ಜಾಗ ಬದಲಾಗಲಿ, ಇಲ್ಲ ದೂರ-ಹತ್ತಿರ ಬದಲಾಗಲಿ, ಇಲ್ಲ ಪಾತ್ರದ ಮೈಭಂಗಿ ಬದಲಾಗಲಿ. ಒಂದೂ ಬದಲಾಗದಿದ್ದರೆ ಎರಡು ಜೋಡಿಪುಟ ಸೇರಿಸಿ ಒಂದು ಮಾಡಿ. ಮರುಕಳಿಸುವ ತಮಾಷೆ ಟಿವಿಯಲ್ಲಿ ಐದಾರು ಸಲ ಆಗಬಹುದು, ಪುಸ್ತಕಕ್ಕೆ ಮೂರು ಸಾಕು, ಮೂರನೆಯದರಲ್ಲಿ ತಿರುವು ಇರಲಿ. ಉಪಕಥೆ ಇದ್ದರೆ ಪೂರ್ತಿ ತೆಗೀರಿ.

ಇನ್ನು ಪುಟವಿನ್ಯಾಸದವರಿಗೆ ಕೊಡುವಾಗ ನೋಡಬೇಕಾದದ್ದು.
'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡಿಗೆ ಬದಲಿಸಿ ಕೊಡಿ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಒಂದೊಂದಾಗಿ ನೋಡಿ, ಅಲ್ಲೇ ಕೆಡೋದು. ಇನ್‌ಡಿಸೈನಿನಲ್ಲಿ (ಪುಟವಿನ್ಯಾಸದ ತಂತ್ರಾಂಶ) ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಉದುರುತ್ತೆ. ಅಕ್ಷರ 18–20 ಪಾಯಿಂಟ್, ಸಾಲಿನ ಅಂತರ ಅದರ ಒಂದೂವರೆ ಪಟ್ಟಾದರೂ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಸಾಲಿನ ಗುಡಿಸಿಗೆ ತಗಲುತ್ತೆ. ಅಂಚಿಗೆ 3 ಮಿಮೀ ಬ್ಲೀಡ್ (ಕತ್ತರಿಸುವಾಗ ಹೋಗಲಿ ಅಂತ ಚಿತ್ರವನ್ನು ಅಂಚಿನಾಚೆ ಚಾಚೋದು). ನಡುಮಡಿಕೆಯಿಂದ 12 ಮಿಮೀ ಒಳಗೆ ಅಕ್ಷರವೂ ಬೇಡ, ಪಾತ್ರದ ಮುಖವೂ ಬೇಡ. 'ದಬದಬ', 'ಪಟಪಟ' ಇಂಥ ಸದ್ದನ್ನು ಚಿತ್ರದೊಳಗೇ ಬರೆಸೋದಾದರೆ ಬೇರೆ ಲೇಯರಿನಲ್ಲಿ ಇರಲಿ. ಇಲ್ಲದಿದ್ದರೆ ನಾಳೆ ತೆಲುಗಿಗೋ ತುಳುವಿಗೋ ಹೋದಾಗ ಚಿತ್ರ ಕೆರೆಯಬೇಕಾಗುತ್ತೆ.

ಗುಳ್ಳೆ ಪುಸ್ತಕ ಮಾಡ್ತೀರಾದರೆ ಇನ್ನೊಂದು. ಇಂಗ್ಲಿಷಿನ ದುಂಡು ಗುಳ್ಳೆ ನಮಗೆ ಆಗಿಬರಲ್ಲ. 'ಕೊಟ್ಟುಬಿಡಬೇಕಾಗಿತ್ತು' ಅನ್ನೋದನ್ನು ಯಾವ ದುಂಡು ಗುಳ್ಳೆಗೆ ತುರುಕ್ತೀರಿ? ಅಡ್ಡಗಲ ಗುಳ್ಳೆ ಬರೆಸಿ, ಇಲ್ಲ ಕ್ರಿಯಾಪದ ಚಿಕ್ಕದು ಮಾಡಿ.

ರಗಸದಅ:
ಅಚ್ಚುಮೊಳೆಯವರ 350–420 ಇಂಗ್ಲಿಷ್ ಪುಸ್ತಕದ ಅಳತೆ. ಕನ್ನಡಕ್ಕೆ ಅದು ಜಾಸ್ತಿಯೇ. ಅಲ್ಲಿ ಮೂರು ಪದ ಹಿಡಿಯುವ ಕಡೆ ನಮಗೆ 'ಮರದಿಂದ' ಒಂದೇ ಸಾಕು. ಅದೇ ಕಥೆಗೆ 250ರೊಳಗೆ ಅಂತ ಇಟ್ಟುಕೊಳ್ಳಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣದ ಓದಿನ ಮಟ್ಟಗಳಲ್ಲಿ ಒಂದನೆಯದು 250 ಪದದೊಳಗೆ, ಎರಡನೆಯದು 600ರ ತನಕ, ಮೂರನೆಯದು 1500ರ ತನಕ. ನಿಮ್ಮ 900 ಈಗ ಮೂರರಲ್ಲಿದೆ, ಆರು ವರ್ಷದ ಮಗು ಒಂದರಲ್ಲಿದೆ.

ಆದರೆ ಪದ ಎಣಿಸೋದರಿಂದ ಕನ್ನಡದ ಓದು ಸುಲಭವೋ ಕಷ್ಟವೋ ಗೊತ್ತಾಗಲ್ಲ. ಗೈಸೆಲ್ ಪದಕ ಯಾರ ಹೆಸರಿನದೋ ಆ ಡಾಕ್ಟರ್ ಸ್ಯೂಸ್ (ನಿಜವಾದ ಹೆಸರು ಗೈಸೆಲ್) 1957ರ ಬೆಕ್ಕಿನ ಪುಸ್ತಕವನ್ನು ('ದ ಕ್ಯಾಟ್ ಇನ್ ದ ಹ್ಯಾಟ್') 236 ಬೇರೆಬೇರೆ ಪದಗಳಲ್ಲಿ ಮುಗಿಸಿದರು. ಕಾಗುಣಿತ ನಂಬಲಾಗದ ಭಾಷೆಯಲ್ಲಿ ಮಗು ಪದದ ಆಕಾರವನ್ನೇ ನೆನಪಿಡಬೇಕು, ಅಲ್ಲಿ ಆ ಲೆಕ್ಕ ಸರಿ. ನಮ್ಮಲ್ಲಿ 'ಮನೆ, ಮನೆಗೆ, ಮನೆಯಲ್ಲೇ' ಒಂದು ಪದವೋ ಮೂರೋ? ಕನ್ನಡದ ಮಗು ಅಕ್ಷರ ಕೂಡಿಸಿ ಓದುತ್ತೆ, ಹಾಗಾಗಿ ಮಿತಿ ಹಾಕಬೇಕಾದದ್ದು ಅಕ್ಷರಕ್ಕೆ.

ಒಂದನೇ ತರಗತಿಯ ಪಾಠ ಶುರುವಾಗೋದು ಅ ಆ ಇ ಈಯಿಂದ ಅಲ್ಲ, 'ರ ಗ ಸ ದ ಅ', ಆಮೇಲೆ 'ಜ ವ ಮ ಬ ನ'. ಈ ಹತ್ತರಲ್ಲೇ ಸರ, ಅರಸ, ಮರ, ದನ, ಜನ, ಬಸವ, ಗರಗಸ ಎಲ್ಲ ಆಗುತ್ತೆ. ಕಥೆಯ ಮುಖ್ಯ ಪದಗಳು ಆದಷ್ಟು ಇಂಥವಿರಲಿ, ಆಮೇಲೆ ಗುಣಿತ. ಒತ್ತಕ್ಷರದಲ್ಲಿ ಅಕ್ಕ, ಅಜ್ಜ, ಹಣ್ಣು ಥರದ ಸಜಾತಿ ಒತ್ತು ಸುಲಭ. 'ಪುಸ್ತಕ', 'ಸ್ನೇಹ' ಥರದ್ದು ಕಷ್ಟ, ಒಂದು ವಾಕ್ಯಕ್ಕೆ ಒಂದಕ್ಕಿಂತ ಹೆಚ್ಚು ಬೇಡ. 'ಸೂರ್ಯ' ಇನ್ನೂ ಕಷ್ಟ, ಅರ್ಕಾವತ್ತನ್ನು ಬರೆಯೋದು ಆಮೇಲೆ, ಉಚ್ಚರಿಸೋದು ಮೊದಲು. ನೀವು 'ಛತ್ರಿ' ಬಿಟ್ಟು 'ಕೊಡೆ' ಅಂದದ್ದು ಒಳ್ಳೇದಾಯ್ತು. ಮಹಾಪ್ರಾಣವೂ ಇಲ್ಲ, ಒತ್ತೂ ಇಲ್ಲ. 'ಮೇಕೆ'ಯೂ ಹಾಗೇ.

ಪುಟ ತಿರುವಿನ ವಿಷಯದಲ್ಲಿ ನಮಗೆ ಇಂಗ್ಲಿಷಿಗಿಲ್ಲದ ಅನುಕೂಲ ಇದೆ. ವಿಲೆಮ್ಸ್ ಅವರ ಪಾರಿವಾಳದ ಪುಸ್ತಕದ ಹೆಸರಿನಲ್ಲಿ 'ಬೇಡ' ಅನ್ನೋದು ಮೊದಲ ಪದ 'ಡೋಂಟ್'ನಲ್ಲೇ ಹೊರಬಿತ್ತು. ಕನ್ನಡದಲ್ಲಿ 'ಬೇಡ', 'ಇಲ್ಲ', 'ತಾನೆ', 'ಅಂತೆ' ಎಲ್ಲ ವಾಕ್ಯದ ಬಾಲಕ್ಕೆ. 'ಮೇಕೆ ಅಜ್ಜನ ಕೊಡೆಯನ್ನು...' ಅಂತ ಬಲಪುಟದಲ್ಲಿ ನಿಲ್ಲಿಸಿ. ತಿಂದಿತೋ, ಬಿಸಾಕಿತೋ, ಬಿಡಿಸಿತೋ ಅನ್ನೋದು ಪುಟ ತಿರುವಿದ ಮೇಲೆ. ಎಚ್ಚರ ಬೇಕಾದದ್ದು ಒಂದಕ್ಕೆ: ತಿರುವಿದ ಪುಟದಲ್ಲಿ ಬರೀ ಕ್ರಿಯಾಪದ ಇದ್ದರೆ ತಡೆದು ತಡೆದು ಓದುವ ಮಗುವಿಗೆ ಅಷ್ಟರಲ್ಲಿ ಕರ್ತೃ ಮರೆತಿರುತ್ತೆ. 'ಬಿಡಿಸೇಬಿಡ್ತು ಮೇಕೆ!' ಅಂತ ಹಿಂದುಮುಂದು ಮಾಡಿ ಹೇಳಿದರೆ ಎರಡೂ ಸರಿಹೋಗುತ್ತೆ. ಈ ಆಟ ಇಡೀ ಪುಸ್ತಕಕ್ಕೆ ಮೂರು ಸಲಕ್ಕಿಂತ ಹೆಚ್ಚು ಆಡಬೇಡಿ.

ಮಾತುಗಳು ಆಡುನುಡಿಯಲ್ಲಿರಲಿ, ಆದರೆ ಒಂದೇ ಕಡೆಯ ಆಡುನುಡಿ. ಹುಡುಗಿ ಒಂದು ಪುಟದಲ್ಲಿ 'ಎಲ್ಲಿ ಹೋಯ್ತು', ಇನ್ನೊಂದರಲ್ಲಿ 'ಎಲ್ಲಿ ಹೋತು' ಅಂದರೆ ಗಟ್ಟಿಯಾಗಿ ಓದುವವರ ನಾಲಿಗೆ ಎಡವುತ್ತೆ.

ಕೊಡೆಮೇಕೆ:
ಮೂರು ಪೆನ್ನಿನ ಕೆಲಸ ಮಾಡಿದೆ. ಕೆಂಪು ಹೋದದ್ದಕ್ಕೇ 900 ಇದ್ದದ್ದು 430ಕ್ಕೆ ಇಳಿಯಿತು. ಇನ್ನೊಂದು ಸಂಶಯ. ಈ ಸ್ಕ್ರಿಪ್ಟಿಗೆ ಒಂದು ಸ್ಟುಡಿಯೋ ಮುಂಗಡ ಕೊಟ್ಟಿತ್ತು, ಎಪಿಸೋಡ್ ಆಗಲಿಲ್ಲ. ಕಾಗದಪತ್ರ ಏನೂ ಇಲ್ಲ. ಪುಸ್ತಕ ಮಾಡಬಹುದಾ? ಪ್ರಕಾಶಕರ ಕರಾರಿನಲ್ಲಿ 'ಎಲ್ಲ ಹಕ್ಕುಗಳು' ಅಂತಿದೆ.

ಕರಾರುಪತ್ರ:
ಯಾವುದು ಸಂಸ್ಥೆಯದು, ಯಾವುದು ಸ್ವಂತದ್ದು ಅನ್ನೋ ಗೆರೆ ವಿಲೆಮ್ಸ್ ವಿಷಯದಲ್ಲೂ ಮುಖ್ಯ. 'ಸೆಸಮಿ ಸ್ಟ್ರೀಟ್'ಗೆ ಬರೆದದ್ದರ ಪಾತ್ರಗಳು ಆ ಸಂಸ್ಥೆಯವು. ಪಾರಿವಾಳ ಹುಟ್ಟಿದ್ದು ಅವರು ಸ್ವಂತಕ್ಕೆ ಮಾಡಿ ಪರಿಚಿತರಿಗೆ ಹಂಚುತ್ತಿದ್ದ ಚಿತ್ರಪುಸ್ತಿಕೆಯಲ್ಲಿ, ಹಾಗಾಗಿ ಅದು ಅವರದೇ. ಎಷ್ಟು ಪುಸ್ತಕದ ಹೊದಿಕೆಯೊಳಗೆ ಬೇಕಾದರೂ ತಂದು ಅಡಗಿಸುತ್ತಾರೆ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರಿಯಲ್ಲಿದ್ದು ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆಯ ನೌಕರಿ ಕೊಟ್ಟವರು (ಕಲಂ 17). ನೀವು ನೌಕರರಲ್ಲದೆ ಹೊರಗಿನಿಂದ ಬರೆದುಕೊಟ್ಟಿದ್ದರೆ ಸ್ಕ್ರಿಪ್ಟಿನ ಒಡೆತನ ನಿಮ್ಮದೇ. ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಡನೆ ಆಗಬೇಕು (ಕಲಂ 19). ಬರೀ ಮುಂಗಡ ಪಡೆದದ್ದರಿಂದ ಹಕ್ಕು ಹೋಗಲ್ಲ. ಆದರೆ 'ಕಾಗದಪತ್ರ ಏನೂ ಇಲ್ಲ' ಅನ್ನುವ ಮೊದಲು ಮೇಲ್‌ಗಳನ್ನೂ ಮುಂಗಡದ ರಸೀದಿಯ ಹಿಂಬದಿಯನ್ನೂ ನೋಡಿ. ಪಾತ್ರಗಳ ಕಲ್ಪನೆ ಸ್ಟುಡಿಯೋದವರದಾಗಿದ್ದರೆ, ಅಥವಾ ಅವರ ಚಿತ್ರಕಾರರು ಮೇಕೆಗೆ ರೂಪ ಕೊಟ್ಟಿದ್ದರೆ, ಆ ರೂಪ ಬಳಸಬೇಡಿ. ಮುಂಗಡದ ಲೆಕ್ಕ ಏನಾಯ್ತು ಅಂತ ಒಂದು ಪತ್ರ ಬರೆದು ಇತ್ಯರ್ಥ ಮಾಡಿಕೊಂಡು ಮುಂದೆ ಹೋಗುವುದು ಕ್ಷೇಮ.

ಪ್ರಕಾಶಕರ 'ಎಲ್ಲ ಹಕ್ಕುಗಳು' ಹೊಡೆದುಹಾಕಿಸಿ. ಪುಸ್ತಕರೂಪದ ಮುದ್ರಣ, ಇ-ಪುಸ್ತಕ, ಯಾವ ಭಾಷೆ, ಎಷ್ಟು ವರ್ಷ, ಯಾವ ದೇಶ, ರಾಯಧನ ಎಷ್ಟು ಅಂತ ಬಿಡಿಬಿಡಿಯಾಗಿ ಬರೆಸಿ. ಅವಧಿ ಬರೆಯದಿದ್ದರೆ ಕಾಯ್ದೆಯಂತೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ವರ್ಗಾಯಿಸಿದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ವರ್ಗಾವಣೆ ಬಿದ್ದುಹೋಗುತ್ತೆ. ಆದರೆ ಕರಾರಿನಲ್ಲಿ ಬೇರೆ ಬರೆದಿದ್ದರೆ ಅದೇ ನಡೆಯುತ್ತೆ, ಅನೇಕ ಕರಾರುಗಳಲ್ಲಿ ಆ ಸಾಲು ಮೂಲೆಯಲ್ಲಿ ಇದ್ದೇ ಇರುತ್ತೆ. ನಾಟಕ, ಟಿವಿ-ಸಿನಿಮಾ, ಆಟಿಕೆ ಈ ಮೂರು 'ಲೇಖಕರಲ್ಲೇ ಉಳಿಯತಕ್ಕದ್ದು' ಎಂದು ಬರೆಸಿ. ವಿಲೆಮ್ಸ್ ಅವರ ಬಟ್ಟೆ ತೊಟ್ಟ ಬೋಳು ಇಲಿಯ ಪುಸ್ತಕ ಬಂದದ್ದು 2009ರಲ್ಲಿ, ಅದು ಪರದೆಯ ಮೇಲೆ ಸಂಗೀತ ಕಾರ್ಯಕ್ರಮ ಆದದ್ದು 2022ರಲ್ಲಿ. ಅಷ್ಟು ವರ್ಷದ ಮೇಲೂ ಕೇಳಿಕೊಂಡು ಬರುವವರಿರುತ್ತಾರೆ.

ಅಚ್ಚುಮೊಳೆ:
430 ಇನ್ನೂ ಜಾಸ್ತಿ, ನೀಲಿಗೆ ಕೈ ಹಾಕಿ. ಮತ್ತೆ 32ನೇ ಪುಟಕ್ಕೆ ಏನೂ ಬರೀಬೇಡಿ. ಮುಂದಿನ ಸಂತೆ, ಮಳೆ, ಕೊಡೆಯ ಕೆಳಗೆ ಅಜ್ಜ, ಪಕ್ಕದಲ್ಲಿ ಮೇಕೆ. ಚಿತ್ರಕಾರರಿಗೆ ಇಷ್ಟು ಹೇಳಿದರೆ ಆಯ್ತು.