ಊನವಿರುವ ಕೈಪ್ರಿಂಟನ್ನು ಕಲಾಕೃತಿಯೆಂದು ಮಾರಬಹುದೇ?

ಕಾಫಿನಾಡಿನ ಓದುಗ: ಚಿಕ್ಕಮಗಳೂರಿನ ಹೋಂಸ್ಟೇ ಒಂದರಲ್ಲಿ ಕೈಯಿಂದ ಮಾಡಿದ ಸಯನೋಟೈಪ್ (ಬಿಸಿಲಿನಲ್ಲಿ ಮೂಡಿಸುವ ನೀಲಿ ಛಾಯಾಚಿತ್ರ) ಪ್ರಿಂಟುಗಳು ಮಾರಾಟಕ್ಕಿದ್ದವು. ಅಂಚಿನಲ್ಲಿ ಬ್ರಷ್ಷಿನ ಗೀರು, ಬಿಳಿಯಾಗಿರಬೇಕಾದ ಆಕಾಶದಲ್ಲಿ ಹಳದಿ ಮಚ್ಚೆ, ಮೂಲೆಯಲ್ಲಿ ಬೆರಳಿನ ಗುರುತು. ಸ್ಟುಡಿಯೋದವರು ಇಂಥದ್ದನ್ನು ಕೊಟ್ಟರೆ ಹಿಂದಿರುಗಿಸುವ ನಾವು, ಚೌಕಟ್ಟು ಹಾಕಿದ ಮಾತ್ರಕ್ಕೆ ಅದೇ ದೋಷಕ್ಕೆ ದುಡ್ಡು ತೆರಬೇಕೇ?

ಹಾಸನದ ಛಾಯಾಗ್ರಾಹಕ: ತೆರಬಹುದು. ಕಲ್ಕತ್ತೆಯಲ್ಲಿ ಹುಟ್ಟಿದ, ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಅವರ ಪ್ರಿಂಟುಗಳಲ್ಲಿ ಗೀರು, ಬೆರಳಚ್ಚು, ಮಸುಕು ಎಲ್ಲವೂ ಇದ್ದವು. ಅಂದಿನ ಛಾಯಾಚಿತ್ರ ಪತ್ರಿಕೆಗಳು ಅವರನ್ನು ಹಳಿದರೂ, ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎನಿಸಿರುವ ಲಂಡನ್ನಿನ ವಸ್ತುಸಂಗ್ರಹಾಲಯ 1865ರಲ್ಲೇ ಅವರ ಚಿತ್ರಗಳನ್ನು ಕೊಂಡಿತು. (ಅವರ ಪತಿಗೆ ಸಿಲೋನಿನಲ್ಲಿ ಕಾಫಿ ತೋಟಗಳಿದ್ದವು ಎಂಬುದು ನಮ್ಮ ಕಡೆಯವರಿಗೆ ರುಚಿಸೀತು.)

ಬೇಲೂರಿನವ: ಕ್ಯಾಮರಾನ್ ಹೆಸರು ಎಲ್ಲ ಕೆಟ್ಟ ಪ್ರಿಂಟುಗಳಿಗೂ ಜಾಮೀನಾಗದು. ಅವರ ಚಿತ್ರಗಳನ್ನು ಕೊಂಡದ್ದು ಅಲ್ಲಿನ ಮುಖಗಳಿಗಾಗಿ, ಬೆರಳಚ್ಚಿಗಾಗಿ ಅಲ್ಲ.

ಡಾರ್ಕ್‌ರೂಮಿನ ಹಳಬ: ಇಬ್ಬರೂ ಎಲ್ಲ ದೋಷಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೀರಿ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ವಿಧಾನದಲ್ಲಿ, ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಷಿಯಂ ಫೆರಿಸಯನೈಡ್ ದ್ರಾವಣಗಳನ್ನು ಬೆರೆಸಿ ಕಾಗದಕ್ಕೆ ಬಳಿದು ಬಿಸಿಲಿಗೆ ಒಡ್ಡುತ್ತಾರೆ. ಬೆಳಕು ತಾಗಿದಲ್ಲಿ ನೀಲಿ ಮೂಡುತ್ತದೆ, ತಾಗದಲ್ಲಿ ಉಳಿದ ಲವಣ ನೀರಿನಲ್ಲಿ ತೊಳೆದುಹೋಗಬೇಕು. ಬ್ರಷ್ಷಿನ ಗೀರು ಇಂದು ಹೇಗಿದೆಯೋ ಮುಂದೆಯೂ ಹಾಗೆಯೇ ಇರುತ್ತದೆ. ಹಳದಿ ಮಚ್ಚೆಯಾದರೋ ಬಹುಮಟ್ಟಿಗೆ ತೊಳೆಯದೆ ಉಳಿದ ಲವಣವೇ ಆಗಿರುತ್ತದೆ. ಗೋಡೆಯ ಮೇಲೆ ಬೆಳಕು ಬಿದ್ದಂತೆಲ್ಲ ಅದೂ ನೀಲಿಗೆ ತಿರುಗಿ, ಕೊಂಡವರ ಮನೆಯಲ್ಲಿ ಆಕಾಶವೇ ಮಬ್ಬಾಗುತ್ತದೆ. ಮೊದಲನೆಯದು ಕೈಯ ಗುರುತು, ಎರಡನೆಯದು ಅರೆಬರೆ ಕೆಲಸ. ಅದನ್ನು ಕಲೆಯ ಹೆಸರಿನಲ್ಲಿ ಮಾರುವುದನ್ನು ನಾನು ಒಪ್ಪಲಾರೆ.

ಹಾಸನದ ಛಾಯಾಗ್ರಾಹಕ: ಮಲೆನಾಡಿನ ಮಳೆಗಾಲದಲ್ಲಿ ಲೇಪಿಸಿದ ಕಾಗದ ಒಣಗುವುದೇ ಕಷ್ಟ, ಎಲ್ಲವನ್ನೂ ಅರೆಬರೆ ಎನ್ನಬೇಡಿ.

ಡಾರ್ಕ್‌ರೂಮಿನ ಹಳಬ: ಒಣಗದಿದ್ದರೆ ಬೇಸಿಗೆಯವರೆಗೆ ಕಾಯಲಿ. ಕೊಳ್ಳುವವರಿಗೂ ಒಂದು ಮಾತು: ಕ್ಷಾರ ತಾಗಿದರೆ ಈ ನೀಲಿ ಕೆಡುತ್ತದೆ. ಸುಣ್ಣ ಬಳಿದ ಗೋಡೆಗೆ ಕಾಗದವನ್ನು ನೇರವಾಗಿ ಅಂಟಿಸಬೇಡಿ. ಇಂಥ ಎಚ್ಚರಿಕೆಯನ್ನೂ ತಯಾರಿಸಿದ ವಿಧಾನವನ್ನೂ ಪ್ರಿಂಟಿನ ಹಿಂಬದಿಯಲ್ಲಿ ಬರೆದುಕೊಡುವವರು ಒಳ್ಳೆಯ ಬೆಲೆ ಕೇಳಿದರೆ ತಕರಾರಿಲ್ಲ.

ಬೇಲೂರಿನವ: ಬರೆದುಕೊಟ್ಟರೂ ಚಿತ್ರ ನೀರಸವಾಗಿದ್ದರೆ?

ಡಾರ್ಕ್‌ರೂಮಿನ ಹಳಬ: ಆಗ ಕೊಳ್ಳಬೇಡಿ. ಅದು ವಂಚನೆಯಲ್ಲ, ಬರೀ ಸಾಧಾರಣ ಚಿತ್ರ.

ಕಾಫಿನಾಡಿನ ಓದುಗ: ಹಾಗಾದರೆ ಗೀರಿದ್ದದ್ದನ್ನು ಕೊಳ್ಳುವೆ. ಮಚ್ಚೆಯದನ್ನು ಅರ್ಧ ಬೆಲೆಗೆ ಕೇಳಲೇ?

ಡಾರ್ಕ್‌ರೂಮಿನ ಹಳಬ: ಬೇಡ. ಮೊದಲು ಇನ್ನೊಮ್ಮೆ ತೊಳೆದುಕೊಡಲು ಹೇಳಿ. ಮಚ್ಚೆ ನೀಲಿಗೆ ತಿರುಗದೆ ಇನ್ನೂ ಹಳದಿಯಾಗಿಯೇ ಇದ್ದರೆ ಹೋದರೂ ಹೋದೀತು.